ಹೊಸ ಗ್ರಾಹಕರಿಗೆ ದಾರಿ ಹಳೆಯ ಕಡತದಲ್ಲೇ ಇದೆ

ಜಿಲ್ಲಾ ಕೇಂದ್ರಗಳಲ್ಲಿಯೂ ತಾಲ್ಲೂಕು ಪಟ್ಟಣಗಳಲ್ಲಿಯೂ ಲೆಕ್ಕಪರಿಶೋಧನೆ ಹಾಗೂ ತೆರಿಗೆ ಸಲಹೆಯ ಸಣ್ಣ ಕಚೇರಿಗಳನ್ನು ನಡೆಸುತ್ತಿರುವವರನ್ನು ಇಂದು ಕಾಡುತ್ತಿರುವ ಪ್ರಶ್ನೆ, ಹೊಸ ಗ್ರಾಹಕರನ್ನು ಪಡೆಯುವುದು ಹೇಗೆ ಎಂಬುದು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ ಕೆಲಸ ಹೆಚ್ಚಿತು. ಅದರೊಂದಿಗೆ ಆ ಕೆಲಸಕ್ಕೆ ಕೈಹಾಕುವವರೂ ಹೆಚ್ಚಿದರು. ಅಂತರ್ಜಾಲದ ಮೂಲಕ ಅಲ್ಪ ಶುಲ್ಕಕ್ಕೆ ರಿಟರ್ನ್ಸ್ ಸಲ್ಲಿಸಿಕೊಡುವ ಸಂಸ್ಥೆಗಳೂ ಸ್ಪರ್ಧೆಗಿಳಿದಿವೆ. ಈ ಒತ್ತಡದಲ್ಲಿ ಅನೇಕರು ಹಿಡಿಯುವ ಮೊದಲ ಮಾರ್ಗ ಶುಲ್ಕ ಕಡಿತ. ಈ ಮಾರ್ಗವು ವೃತ್ತಿನಿರತರಿಗಾಗಲಿ, ಅವರನ್ನು ನಂಬಿದ ವ್ಯಾಪಾರಸ್ಥರಿಗಾಗಲಿ ಹಿತಕರವಲ್ಲ.

ಇತರ ವ್ಯವಹಾರಗಳಂತೆ ಈ ವೃತ್ತಿಯಲ್ಲಿ ಜಾಹೀರಾತಿನ ಬಲದಿಂದ ಗಿರಾಕಿಗಳನ್ನು ಸೆಳೆಯುವ ಸ್ವಾತಂತ್ರ್ಯವಿಲ್ಲ. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯಿದೆಯ ಮೊದಲನೆಯ ಅನುಸೂಚಿಯು ಸುತ್ತೋಲೆ, ಜಾಹೀರಾತು ಮುಂತಾದವುಗಳ ಮೂಲಕ ಕೆಲಸ ಕೋರುವುದನ್ನು ವೃತ್ತಿ ದುರ್ನಡತೆಯೆಂದು ಪರಿಗಣಿಸುತ್ತದೆ. 2006ರ ತಿದ್ದುಪಡಿಯು ಕಚೇರಿಯ ಪರಿಚಯ ಬರಹಕ್ಕೆ, ಅದೂ ಮಾರ್ಗಸೂಚಿಗಳಿಗೆ ಒಳಪಟ್ಟು, ಅವಕಾಶ ನೀಡಿತು. ವಕೀಲರಿಗೂ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ಇಂತಹದೇ ನಿರ್ಬಂಧವನ್ನು ವಿಧಿಸಿವೆ. ಜಾಹೀರಾತಿಗೆ ಅವಕಾಶವಿಲ್ಲದೆಡೆ ದರವೇ ಜಾಹೀರಾತಾಗುವ ಅಪಾಯ ಸಹಜ.

ಆದರೆ ದರ ಕಡಿತದ ಲೆಕ್ಕ ಸರಿಹೊಂದುವುದಿಲ್ಲ. ಉದಾಹರಣೆಗೆ, ತಿಂಗಳಿಗೆ ತಲಾ 2,000 ರೂ. ನೀಡುವ 50 ಗ್ರಾಹಕರಿರುವ ಕಚೇರಿಯು ಶುಲ್ಕವನ್ನು 1,000 ರೂ.ಗೆ ಇಳಿಸಿದರೆ, ಹಿಂದಿನ ವರಮಾನಕ್ಕೇ 100 ಗ್ರಾಹಕರು ಬೇಕು. ಸಿಬ್ಬಂದಿ ಅಷ್ಟೇ, ಮಾಸಿಕ ರಿಟರ್ನ್ಸ್‌ನ ಗಡುವುಗಳೂ ಅವೇ 11 ಮತ್ತು 20ನೇ ತಾರೀಖು. ಕೈಗೆ ಮೀರಿದ ಕೆಲಸದಲ್ಲಿ ತಪ್ಪುಗಳು ನುಸುಳುತ್ತವೆ; ವಿಳಂಬ ಶುಲ್ಕ, ಶೇ. 18ರ ಬಡ್ಡಿ ಹಾಗೂ ಇಲಾಖೆಯ ನೋಟಿಸು ವ್ಯಾಪಾರಿಯ ಪಾಲಿಗೆ ಬರುತ್ತವೆ. ಉಳಿಸಿದ ಸಾವಿರಕ್ಕೆ ಹತ್ತು ಪಟ್ಟು ದಂಡ ತೆತ್ತವನು ಆ ಕಚೇರಿಯ ಹೆಸರನ್ನು ಇನ್ನೊಬ್ಬರಿಗೆ ಹೇಳಲಾರ.

ಹಾಗಾದರೆ ದಾರಿ ಯಾವುದು? ಈ ತೆರಿಗೆ ವ್ಯವಸ್ಥೆಯೇ ಅದನ್ನು ತೋರಿಸಿಕೊಟ್ಟಿದೆ. 2022ರ ಜನವರಿ 1ರಿಂದ, ಮಾರಾಟಗಾರನು ತನ್ನ ರಿಟರ್ನ್ಸ್‌ನಲ್ಲಿ ಬಿಲ್ಲನ್ನು ನಮೂದಿಸಿ ಅದು ಖರೀದಿದಾರನ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಕಾಣಿಸಿಕೊಂಡ ಹೊರತು, ಖರೀದಿದಾರನಿಗೆ ಹೂಡುವಳಿ ತೆರಿಗೆಯ ಜಮೆ, ಅಂದರೆ ವ್ಯಾಪಾರಿಗಳ ಮಾತಿನ ‘ಇನ್‌ಪುಟ್’ ದೊರೆಯುವುದಿಲ್ಲ. ಬೆಳಗಾವಿಯ ಫೌಂಡ್ರಿಯೊಂದು ಪುಣೆಯ ಕಾರ್ಖಾನೆಗೆ ಶೇ. 18ರ ತೆರಿಗೆಯುಳ್ಳ 10 ಲಕ್ಷ ರೂ. ಮಾಲು ಕಳುಹಿಸಿದೆ ಎನ್ನೋಣ. ಫೌಂಡ್ರಿಯ ಸಲಹೆಗಾರ ಆ ಬಿಲ್ಲನ್ನು ಬಿಟ್ಟರೆ ಕಾರ್ಖಾನೆಯ 1.80 ಲಕ್ಷ ರೂ. ಸಿಕ್ಕಿಬೀಳುತ್ತದೆ, ಅಷ್ಟು ಹಣವನ್ನು ಕಾರ್ಖಾನೆಯು ಫೌಂಡ್ರಿಗೆ ಕೊಡಬೇಕಾದ ಬಾಕಿಯಲ್ಲಿ ತಡೆಹಿಡಿಯುತ್ತದೆ. ‘ನಿಮ್ಮ ಲೆಕ್ಕ ನೋಡುವವರು ಯಾರು?’ ಎಂಬ ಪ್ರಶ್ನೆ ಆಗ ಬಂದೇ ಬರುತ್ತದೆ. ತಿಂಗಳು ತಿಂಗಳೂ ತಪ್ಪದೆ ಬಿಲ್ಲುಗಳು ಕಾಣಿಸಿಕೊಂಡರೆ ಅದೇ ಪ್ರಶ್ನೆ ಮೆಚ್ಚುಗೆಯ ದನಿಯಲ್ಲಿ ಬರುತ್ತದೆ. ನಾಲ್ಕು ಗೋಡೆಗಳ ನಡುವೆ ಉಳಿಯುತ್ತಿದ್ದ ಸಲಹೆಗಾರನ ಅಚ್ಚುಕಟ್ಟು ಇಂದು ಅವನ ಗ್ರಾಹಕರೊಡನೆ ವ್ಯವಹರಿಸುವ ಪ್ರತಿಯೊಬ್ಬರಿಗೂ ಗೋಚರವಾಗುತ್ತಿದೆ. ಇದು ಯಾವ ನಿಯಮವೂ ನಿಷೇಧಿಸದ ಜಾಹೀರಾತು.

ಹಳೆಯ ಗ್ರಾಹಕರೇ ಇಲ್ಲದ ಹೊಸಬರ ಗತಿಯೇನು ಎಂದು ಕೇಳಬಹುದು. ಅವರು ಎಲ್ಲ ಕೆಲಸಗಳಿಗೂ ಬೋರ್ಡು ಹಾಕುವ ಬದಲು ಊರಿನ ಒಂದು ವ್ಯಾಪಾರವನ್ನು ಆಮೂಲಾಗ್ರವಾಗಿ ತಿಳಿಯುವುದು ಲೇಸು. ರೈತರಿಂದ ನೇರವಾಗಿ ಕೊಳ್ಳುವ ಹತ್ತಿ ಹಾಗೂ ಸಿಪ್ಪೆ ಸುಲಿಯದ ಗೇರುಬೀಜದ ಮೇಲಿನ ತೆರಿಗೆಯನ್ನು ನೋಂದಾಯಿತ ಖರೀದಿದಾರನೇ ಪಾವತಿಸಬೇಕು. ರಾಯಚೂರಿನ ಜಿನ್ನಿಂಗ್ ಮಿಲ್ಲಿಗಾಗಲಿ ಕಾರ್ಕಳದ ಗೇರುಬೀಜ ಕಾರ್ಖಾನೆಗಾಗಲಿ ಇದನ್ನು ಮೊದಲೇ ತಿಳಿಹೇಳಬಲ್ಲವನು ಆ ಪೇಟೆಯಲ್ಲಿ ಬೇಗ ಪರಿಚಿತನಾಗುತ್ತಾನೆ. 2006ರ ಕಾಯಿದೆಯಂತೆ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳ ಬಾಕಿಯನ್ನು 45 ದಿನಗಳನ್ನು ಮೀರದಂತೆ ಪಾವತಿಸಬೇಕೆಂಬುದು ಎಷ್ಟೋ ಸಣ್ಣ ಉತ್ಪಾದಕರಿಗೆ ತಿಳಿಯದು. ಕೇಳುವ ಮುನ್ನವೇ ಇಂತಹ ವಿಷಯ ತಿಳಿಸುವ ಸಲಹೆಗಾರನಿಗೆ ದೊಡ್ಡ ನಗರದ ಸಂಸ್ಥೆಗಳ ಭಯವಿರದು.

ಕೆಲಸದ ವ್ಯಾಪ್ತಿ, ಶುಲ್ಕ ಹಾಗೂ ಗ್ರಾಹಕನು ದಾಖಲೆ ಒದಗಿಸಬೇಕಾದ ದಿನಾಂಕವನ್ನು ಆರಂಭದಲ್ಲೇ ಬರಹದಲ್ಲಿ ಒಪ್ಪಿಕೊಳ್ಳುವುದು ಮತ್ತೊಂದು ಅಗತ್ಯ ಕ್ರಮ. ಮುಂದಿನ ಅರ್ಧ ಜಗಳಗಳು ಇದರಿಂದಲೇ ತಪ್ಪುತ್ತವೆ. ಬೇರೆಯವರ ಲೆಕ್ಕಪರಿಶೋಧನೆಯ ಕೆಲಸ ವಹಿಸಿಕೊಳ್ಳುವ ಮುನ್ನ ಹಿಂದಿನ ಲೆಕ್ಕಪರಿಶೋಧಕರಿಗೆ ಪತ್ರ ಬರೆಯಬೇಕೆಂಬ ಕಾಯಿದೆಯ ವಿಧಿಯನ್ನು ಕಾಟಾಚಾರಕ್ಕಲ್ಲದೆ ಪಾಲಿಸುವುದೂ ಊರಿನಲ್ಲಿ ಗೌರವ ತರುತ್ತದೆ.

ವಾಣಿಜ್ಯ ಸಂಸ್ಥೆಗಳ ಹೊಣೆಯೂ ಇಲ್ಲಿದೆ. ತಿಂಗಳಿಗೊಮ್ಮೆ ಸದಸ್ಯರಿಗೆ ಉಚಿತ ತೆರಿಗೆ ಮಾಹಿತಿ ಸಭೆ ನಡೆಸಿ, ಸ್ಥಳೀಯ ವೃತ್ತಿನಿರತರೆಲ್ಲರಿಗೂ ಸರದಿಯಂತೆ ವಿಷಯ ಮಂಡಿಸುವ ಅವಕಾಶ ನೀಡಿದರೆ, ಯಾರನ್ನೂ ಓಲೈಸದೆ ಎಲ್ಲರ ಅರಿವೂ ಬೆಳಕಿಗೆ ಬರುತ್ತದೆ. ವ್ಯಾಪಾರಸ್ಥರೂ ಸಲಹೆಗಾರರನ್ನು ಆರಿಸುವಾಗ ‘ಎಷ್ಟು ಕೊಡಬೇಕು?’ ಎಂದು ಕೇಳುವ ಮೊದಲು ‘ನಮ್ಮ ವ್ಯಾಪಾರದ ಪರಿಚಯ ಎಷ್ಟಿದೆ, ಗಡುವಿಗೆ ಮುನ್ನ ಎಚ್ಚರಿಸುವಿರಾ?’ ಎಂದು ಕೇಳುವ ರೂಢಿ ಮಾಡಿಕೊಳ್ಳಬೇಕು. ಕೇಳುವ ಪ್ರಶ್ನೆ ಬದಲಾದರೆ ಪೈಪೋಟಿಯ ಸ್ವರೂಪವೂ ಬದಲಾಗುತ್ತದೆ. ಸಣ್ಣ ಕಚೇರಿಗಳು ಉಳಿಯುತ್ತವೆ, ಅವುಗಳನ್ನು ನೆಚ್ಚಿಕೊಂಡ ಸಣ್ಣ ಊರುಗಳ ವ್ಯಾಪಾರಕ್ಕೂ ಕೈಗೆಟಕುವ ಸಲಹೆ ದೊರೆಯುತ್ತದೆ.