ಅಲ್ಯೂಮಿನಿಯಮ್ಮಿನ ಹದ

ಕಮ್ಮಾರನು ಕೆಂಪಗೆ ಕಾಸಿದ ಉಕ್ಕಿನ ಕತ್ತಿಯನ್ನು ನೀರಿನಲ್ಲದ್ದಿದರೆ ಅದು ಕೂಡಲೆ ಗಡುಸಾಗುವುದನ್ನು ನಾವೆಲ್ಲರೂ ಬಲ್ಲೆವು. ಅಲ್ಯೂಮಿನಿಯಮ್ಮಿನ ಸ್ವಭಾವವೇ ಬೇರೆ. 1906ರಲ್ಲಿ ಜರ್ಮನಿಯ ಲೋಹಶಾಸ್ತ್ರಜ್ಞ ಆಲ್ಫ್ರೆಡ್ ವಿಲ್ಮ್ ಎಂಬವರು ತುಸು ತಾಮ್ರ, ಮೆಗ್ನೀಸಿಯಂ ಬೆರೆಸಿದ ಅಲ್ಯೂಮಿನಿಯಮ್ಮನ್ನು ಕಾಸಿ ಥಟ್ಟನೆ ತಣಿಸಿದರು. ಆಗ ಮೆದುವಾಗಿದ್ದ ತುಂಡು, ಸುಮ್ಮನೆ ಇಟ್ಟಿದ್ದಂತೆಯೇ ತಾನಾಗಿ ಗಡುಸಾಯಿತು. ಲೋಹದಲ್ಲಿ ಕರಗಿದ್ದ ಬೆರಕೆಗಳು ಮೆಲ್ಲನೆ ಅತಿಸೂಕ್ಷ್ಮ ಕಣಗಳಾಗಿ ಕೂಡಿಕೊಂಡು, ಒಳಪದರಗಳು ಜಾರದಂತೆ ತಡೆದುದೇ ಇದಕ್ಕೆ ಕಾರಣ. ಹಗುರವಾದ ಲೋಹದ ವಿಮಾನಗಳಿಗೆ ಈ ಶೋಧವೇ ದಾರಿ ತೆರೆಯಿತು.

ಈಗ ಲೋಹವನ್ನು ಮುದ್ರಿಸುವ ಕಾಲ ಬಂದಿದೆ. ಲೋಹದ ಹುಡಿಯನ್ನು ಕೂದಲೆಳೆಗಿಂತ ತೆಳ್ಳಗೆ ಹರಡಿ, ಬೇಕಾದೆಡೆ ಲೇಸರ್ ಕಿರಣದಿಂದ ಕರಗಿಸಿ, ಪದರದ ಮೇಲೆ ಪದರವಾಗಿ ಯಂತ್ರಭಾಗವನ್ನು ಬೆಳೆಸುವರು. ಇದಕ್ಕೆ ಹೆಚ್ಚಾಗಿ ಬಳಕೆಯಾಗುವುದು ನೂರಕ್ಕೆ ಸುಮಾರು 10 ಪಾಲು ಸಿಲಿಕಾನ್, ಅತ್ಯಲ್ಪ ಮೆಗ್ನೀಸಿಯಂ ಇರುವ ಮಿಶ್ರಲೋಹ. ಕರಗಿದ್ದು ಕ್ಷಣಾರ್ಧದಲ್ಲಿ ಆರುವುದರಿಂದ ಸಿಲಿಕಾನ್ ಸೂಕ್ಷ್ಮವಾದ ಬಲೆಯಂತೆ ಹೆಪ್ಪುಗಟ್ಟುತ್ತದೆ. ಆ ಬಲೆಯೇ ಭಾಗಕ್ಕೆ ಬಲ.

ಎರಕದ ಭಾಗಗಳಿಗೆ ರೂಢಿಯಲ್ಲಿರುವ ಕ್ರಮವನ್ನು, ಅಂದರೆ 530 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಕಾಸಿ, ನೀರಿನಲ್ಲಿ ತಣಿಸಿ, ಮತ್ತೆ 160–170 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಡುವುದನ್ನು, ಇದಕ್ಕೂ ಅನುಸರಿಸಿದರೆ ಬಲೆ ಹರಿದು ಸಿಲಿಕಾನ್ ದಪ್ಪ ಉಂಡೆಗಳಾಗುತ್ತದೆ. ಭಾಗವು ಮುರಿಯದೆ ಹೆಚ್ಚು ಎಳೆತವನ್ನು ತಾಳುವುದು ನಿಜ. ಆದರೆ ಬಲವು ಸಾಮಾನ್ಯವಾಗಿ ಮುದ್ರಿಸಿದಾಗ ಇದ್ದುದಕ್ಕಿಂತ ತಗ್ಗುತ್ತದೆ. ಒಳಗೆ ಸಿಕ್ಕಿಕೊಂಡ ಅನಿಲವು ಉಬ್ಬಿ ರಂಧ್ರಗಳು ಹಿಗ್ಗುವುದೂ ಉಂಟು. ಮೊದಲಿನ ಉರಿ ಕಾವನ್ನು ಬಿಟ್ಟು, ಕಡೆಯ ಮಂದ ಕಾವನ್ನಷ್ಟೇ ಕೊಟ್ಟರೆ ಬಲೆ ಉಳಿದು ಬಲ ಇನ್ನಷ್ಟು ಏರುತ್ತದೆ.

ಹಾಗೆಂದು ಉರಿ ಕಾವನ್ನು ಎಲ್ಲೆಡೆ ಬೇಡವೆನ್ನಲಾಗದು. ಸತು ಬೆರೆತ ಬಲಿಷ್ಠ ಅಲ್ಯೂಮಿನಿಯಂ ಮುದ್ರಿಸುವಾಗ ಬಿರುಕು ಬಿಡುತ್ತಿತ್ತು. ಅದರ ಹುಡಿಗೆ ಜಿರ್ಕೋನಿಯಂನ ಅತಿಸೂಕ್ಷ್ಮ ಕಣಗಳನ್ನು ಲೇಪಿಸಿ ಬಿರುಕನ್ನು ತಡೆದ ಬಗೆಯನ್ನು ಅಮೆರಿಕದ ಎಚ್.ಆರ್.ಎಲ್. ಪ್ರಯೋಗಾಲಯದವರು 2017ರಲ್ಲಿ ಪ್ರಕಟಿಸಿದರು. ಅಲ್ಲಿ ಪೂರ್ಣ ಬಲ ಬಂದುದು ಹಳೆಯ ಕ್ರಮದಂತೆ ಕಾಸಿ ತಣಿಸಿದ ಮೇಲೆಯೇ.

ಅಕ್ಕಿ ಒಂದೇ ಆದರೂ ಅನ್ನದ ಹದ ಬೇರೆ, ಪಾಯಸದ ಹದ ಬೇರೆ. ಆಕಾಶದಲ್ಲಿ ಹತ್ತಾರು ಜೀವಗಳ ಭಾರ ಹೊರುವ ಭಾಗಕ್ಕೆ ಲೋಹದ ಹೆಸರನ್ನು ಕೇಳಿದರಷ್ಟೇ ಸಾಲದು. ಅದು ಹುಟ್ಟಿದ ಬಗೆಯನ್ನೂ ಕಂಡ ಕಾವನ್ನೂ ಕೇಳಿ ತಿಳಿಯಬೇಕು.