ಹುಟ್ಟು ಕೇಳಿ ಗುಣ ಹೇಳುವ ಚಟ

ಗಂಗಾವತಿಯಲ್ಲಿ ಭತ್ತದ ರೊಕ್ಕ ಕೈಗೆ ಬಂತೆಂದರೆ ಕಾರಿನ ಮಾತು ಶುರುವಾಗುತ್ತದೆ. ಕುಷ್ಟಗಿಯ ಚಹಾದಂಗಡಿಯಾಗಲಿ, ಯಲಬುರ್ಗಾದ ಮದುವೆ ಮಾತುಕತೆಯಾಗಲಿ, ತೀರ್ಪು ಒಂದೇ: "ಜಪಾನ್ ಗಾಡಿ ತಗೋರಿ ಕಾಕಾ, ಕೈ ಕೊಡಂಗಿಲ್ಲ. ಜರ್ಮನಿದು ಗಟ್ಟಿ, ಖರ್ಚು ಭಾಳ. ಇಟಲಿದು ನೋಡಾಕಷ್ಟ ಚಂದ. ನಮ್ಮ ದೇಶದ್ದು ಬರೇ ತಗಡು." ಇದನ್ನು ಅನುಭವದ ಮಾತೆಂದು ಗೌರವಿಸುತ್ತೇವೆ. ನನ್ನ ತಕರಾರು ಅಲ್ಲೇ ಇದೆ. ಇದು ಅನುಭವವಲ್ಲ, ಹುಟ್ಟು ಕೇಳಿ ಗುಣ ಹೇಳುವ ನಮ್ಮ ಹಳೆಯ ಚಟ.

ಬಾನೆಟ್ ಎತ್ತಿ ನೋಡೋಣ. 2007ರಲ್ಲಿ ಬಂದ ಡೀಸೆಲ್ ಸ್ವಿಫ್ಟ್ ಜಪಾನಿ ನಂಬಿಕೆಗೆ ಮಾದರಿಯೆನಿಸಿತು. ಅದರ 1.3 ಲೀಟರ್ ಎಂಜಿನ್ ಮಾತ್ರ ಫಿಯಟ್‌ನದು, ಅಂದರೆ ಇಟಲಿಯದು. ಅದೇ ಎಂಜಿನ್ ಫಿಯಟ್ ಪುಂಟೊದಲ್ಲಿ ಕೂತಾಗ "ಇಟಲಿ ಗಾಡಿ, ಬ್ಯಾಡ" ಎಂದೆವು. ಟಾಟಾ ಇಂಡಿಕಾ ವಿಸ್ತಾದಲ್ಲಿ ಕೂತಾಗ "ಟ್ಯಾಕ್ಸಿ ಗಾಡಿ" ಎಂದೆವು. ಎಂಜಿನ್ ಬದಲಾಗಿರಲಿಲ್ಲ, ಮೇಲಿನ ಹೆಸರು ಬದಲಾಗಿತ್ತು.

ಎಂಜಿನ್ನೊಂದೇ ಕಾರಲ್ಲ ಎನ್ನಬಹುದು. ಹಾಗಾದರೆ ಇಡೀ ಕಾರನ್ನೇ ತೆಗೆದುಕೊಳ್ಳಿ. ಜಪಾನಿನದೆಂದು ನಾವು ಮೆಚ್ಚುವ ಇನ್ನೋವಾ ಇಂಡೋನೇಷ್ಯಾದ ಕಿಜಾಂಗ್ ಮನೆತನದ್ದು, ತಯಾರಾಗುವುದು ನಮ್ಮ ಬಿಡದಿಯಲ್ಲಿ. ಹಾಗಿರುವಾಗ ಅದರ ಗುಣ ಯಾವ ದೇಶದ್ದು?

ಈ ಚಟ ಬರೀ ಹರಟೆಯಾಗಿ ಮುಗಿದಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಇದು ಜೀವದ ಪ್ರಶ್ನೆ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದಲ್ಲಿ ಮಾರುವ ಐದು ಕಾರುಗಳನ್ನು ಗುದ್ದಿಸಿ ನೋಡಿತು: ಮಾರುತಿ ಆಲ್ಟೊ, ಟಾಟಾ ನ್ಯಾನೊ, ಫೋರ್ಡ್ ಫಿಗೊ, ಹ್ಯುಂಡೈ ಐ10, ಫೋಕ್ಸ್‌ವ್ಯಾಗನ್ ಪೋಲೊ. ಏರ್‌ಬ್ಯಾಗ್ ಇಲ್ಲದ ಆ ಐದಕ್ಕೂ ದೊಡ್ಡವರ ರಕ್ಷಣೆಯಲ್ಲಿ ಸಿಕ್ಕಿದ್ದು ಸೊನ್ನೆ. ಏರ್‌ಬ್ಯಾಗ್ ಹಾಕಿದ ಪೋಲೊಗೆ ನಾಲ್ಕು ಸ್ಟಾರ್ ಬಂತು. ಒಂದೇ ಜರ್ಮನ್ ಕಂಪನಿಯ ಒಂದೇ ಕಾರು ಸೊನ್ನೆಯೂ ಆಗಬಲ್ಲದು, ನಾಲ್ಕೂ ಆಗಬಲ್ಲದು. ಇಲ್ಲಿ ನಿರ್ಧಾರ ಮಾಡಿದ್ದು ಜರ್ಮನ್ ಸ್ವಭಾವವಲ್ಲ. ಒಂದು ಕಡೆ ಬೆಲೆಯ ಲೆಕ್ಕ, ಇನ್ನೊಂದು ಕಡೆ ನಮ್ಮ ಸಡಿಲ ಕಾನೂನು. ಚಾಲಕನ ಏರ್‌ಬ್ಯಾಗ್ ಇಲ್ಲಿ ಕಡ್ಡಾಯವಾದದ್ದು 2019ರಲ್ಲಿ. 'ತಗಡು' ಎನಿಸಿಕೊಂಡ ಟಾಟಾದ ನೆಕ್ಸಾನ್ 2018ರಲ್ಲೇ ಐದು ಸ್ಟಾರ್ ಪಡೆದಿತ್ತು. ಬಾಗಿಲು ಬಡಿದ ಸದ್ದು ಕೇಳಿ, ಕಂಪನಿಯ ದೇಶ ಕೇಳಿ ಕಾರು ಕೊಳ್ಳುವವರು ಹೆಂಡತಿ ಮಕ್ಕಳನ್ನು ನಂಬಿಕೆಯ ಮೇಲೆ ಕೂರಿಸಿಕೊಂಡು ಹೆದ್ದಾರಿಗೆ ಇಳಿಯುತ್ತಾರೆ.

ಹಾಗಾದರೆ ಜಪಾನಿ ಹೆಸರಿನ ಗಾಡಿಗಳು ಬಾಳಿಕೆ ಬರುವುದು ಸುಳ್ಳೇ? ಸುಳ್ಳಲ್ಲ. ಕಾರಣ ಮಾತ್ರ ರಕ್ತದಲ್ಲಿಲ್ಲ. ಜಪಾನಿನ ಸಾಮಾನೆಂದರೆ ಅಗ್ಗದ ಮಾಲು ಎಂದು ಜಗತ್ತು ನಗುತ್ತಿದ್ದ ಕಾಲವಿತ್ತು. 1950ರಲ್ಲಿ ಅಲ್ಲಿನ ಎಂಜಿನಿಯರುಗಳು ಅಮೆರಿಕದ ಡೆಮಿಂಗ್ ಅವರಿಂದ ಗುಣಮಟ್ಟ ನಿಯಂತ್ರಣದ ಪಾಠ ಕೇಳಿದರು, ಕಲಿತರು, ದುಡಿದರು. ಗುಣ ಕಲಿತು ಬಂದದ್ದು, ಹುಟ್ಟಿ ಬಂದದ್ದಲ್ಲ. ಇನ್ನು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನಿಂದ ಬಂದ ಅಂಬಾಸಡರ್ 2014ರವರೆಗೆ ತಯಾರಾಯಿತು. ಅದು ಅಷ್ಟು ಕಾಲ ರಸ್ತೆಯಲ್ಲಿ ಉಳಿದದ್ದರಲ್ಲಿ ಪಾನಾ ಹಿಡಿದ ನಮ್ಮೂರ ಮೇಸ್ತ್ರಿಯ ಪಾಲು ದೊಡ್ಡದು. ನಂಬಿಕೆಯ ಅರ್ಧ ಭಾಗ ಹುಟ್ಟುವುದೇ ಗ್ಯಾರೇಜಿನಲ್ಲಿ. ಅವನ ಹೆಸರು ಯಾವ ತೀರ್ಪಿನಲ್ಲೂ ಬರುವುದಿಲ್ಲ.

ಕೊಪ್ಪಳದ ಹೆಸರೂ ಬರುವುದಿಲ್ಲ. ಇಲ್ಲಿನ ಬೇವಿನಹಳ್ಳಿಯಲ್ಲಿ ಬೀಡು ಕಬ್ಬಿಣ ಕರಗಿ ಎಂಜಿನ್ ಬ್ಲಾಕುಗಳ ಎರಕವಾಗುತ್ತದೆ. ಅದು ಸೇರಿದ ಗಾಡಿಗೆ ಯಾರೂ 'ಕೊಪ್ಪಳದ ಗಾಡಿ' ಎನ್ನುವುದಿಲ್ಲ. ಉಕ್ಕಿನ ಕಾರ್ಖಾನೆಯ ವಿಸ್ತರಣೆ ಬೇಡವೆಂದು 2025ರ ಫೆಬ್ರುವರಿಯಲ್ಲಿ ಗವಿಮಠದ ಸ್ವಾಮೀಜಿಯವರೊಂದಿಗೆ ಊರಿಗೆ ಊರೇ ಬೀದಿಗಿಳಿದಿತ್ತು. ಕೀರ್ತಿ ದೂರದ ದೇಶಕ್ಕೆ, ಧೂಳು ನಮ್ಮ ಉಸಿರಿಗೆ ಎಂಬ ಹಂಚಿಕೆಯನ್ನು ಈ 'ದೇಶದ ಗುಣ'ದ ಮಾತು ಮುಚ್ಚಿಡುತ್ತದೆ.

ಸಾಹಿತ್ಯದವರು ನಗಬೇಕಿಲ್ಲ. ರಷ್ಯನ್ ಕಾದಂಬರಿಗೆ ಆತ್ಮವಿದೆ, ಫ್ರೆಂಚರಿಗೆ ನಾಜೂಕಿದೆ ಎಂದು ಪುಸ್ತಕ ತೆರೆಯುವ ಮೊದಲೇ ಬರೆಯುವವರು ನಾವೇ. ಅದೇ ಬಾಯಿ "ಹಿಂದುಳಿದ ಭಾಗದವರು" ಎಂದು ಯಲಬುರ್ಗಾದ ವಿದ್ಯಾರ್ಥಿಯನ್ನು ಸಂದರ್ಶನದ ಬಾಗಿಲಲ್ಲೇ ಅಳೆದುಬಿಡುತ್ತದೆ. ಕಾರಿನ ವಿಷಯದಲ್ಲಿ ಈ ಅಳತೆಯನ್ನು ಒಪ್ಪಿದವರಿಗೆ ಮನುಷ್ಯರ ವಿಷಯದಲ್ಲಿ ಸಿಟ್ಟಾಗುವ ಹಕ್ಕಿಲ್ಲ.

ಪ್ರಶ್ನೆ ಬದಲಾಯಿಸೋಣ. ಯಾವ ದೇಶದ್ದು ಎನ್ನುವುದನ್ನು ಬಿಟ್ಟು, ಗುದ್ದಿದರೆ ಏನಾಗುತ್ತದೆ, ಬಿಡಿಭಾಗ ಎಲ್ಲಿ ಸಿಗುತ್ತದೆ, ರಿಪೇರಿ ಯಾರು ಮಾಡುತ್ತಾರೆ ಎಂದು ಕೇಳೋಣ. ಉತ್ತರ ಕೊಡಲು ಮಾರುವವನು ತಡವರಿಸಿದರೆ ತಡವರಿಸಲಿ.