ಹನ್ನೊಂದು ಹೆಸರುಗಳ ನಡುವೆ ಅಪ್ಪ ಇರಲಿಲ್ಲ

ಕಳೆದ ವರ್ಷ ಪಿಎಚ್.ಡಿ ಪ್ರವೇಶಕ್ಕೆಂದು ನಾನು ಬರೆದ ‘ಸ್ಟೇಟ್‌ಮೆಂಟ್ ಆಫ್ ಪರ್ಪಸ್’ನ ಎರಡು ಪುಟಗಳಲ್ಲಿ ಹನ್ನೊಂದು ವಿದ್ವಾಂಸರ ಹೆಸರುಗಳಿದ್ದವು. ಅವರಲ್ಲಿ ಒಬ್ಬರ ಪುಸ್ತಕವನ್ನೂ ನಾನು ಪೂರ್ತಿ ಓದಿರಲಿಲ್ಲ. ಮೊಬೈಲ್‌ನಲ್ಲಿ ಸಿಕ್ಕ ಮಾದರಿಗಳಿಂದ, ಸೀನಿಯರ್‌ಗಳ ಹಳೆಯ ಅರ್ಜಿಗಳಿಂದ ಹೆಕ್ಕಿ ಜೋಡಿಸಿದ್ದೆ. ಹೆಸರು ಹೆಚ್ಚಿದ್ದಷ್ಟೂ ತೂಕ ಹೆಚ್ಚು ಅಂದುಕೊಂಡಿದ್ದೆ.

ದೂರದ ಊರಿನ ವಿಶ್ವವಿದ್ಯಾಲಯ. ನನ್ನ ವಿಷಯ ವಲಸೆ ಕಾರ್ಮಿಕರು. ಸಂದರ್ಶನದಲ್ಲಿ ಮೇಡಂ ಒಬ್ಬರು ಮೆಲ್ಲಗೆ ಕೇಳಿದರು: ‘ಯಾನ್ ಬ್ರೆಮನ್ ಹೆಸರು ಬರೆದಿದ್ದೀರಿ. ಅವರು ಹೇಳಿದ್ದರಲ್ಲಿ ನಿಮ್ಮೂರಿಗೆ ಹೊಂದದ ಮಾತು ಯಾವುದು?’ ನನ್ನ ಬಾಯಿ ಕಟ್ಟಿತು. ಹೊಂದುವುದು ಯಾವುದೆಂದೇ ಗೊತ್ತಿರಲಿಲ್ಲ.

ಕಿಣ್ಣಿ ಸುಲ್ತಾನಕ್ಕೆ ವಾಪಸ್ ಬಂದಾಗ ಅಪ್ಪ ಕಟ್ಟೆಯ ಮೇಲೆ ಕೂತಿದ್ದರು. ‘ಏನ್ ಕೇಳಿದ್ರಪಾ?’ ಅಂದರು. ‘ಜನ ದುಡಿಯಾಕ ಊರು ಬಿಟ್ಟು ಯಾಕ ಹೋಗ್ತಾರ ಅನ್ನೋದರ ಬಗ್ಗೆ ಒಬ್ಬರು ಪುಸ್ತಕ ಬರದಾರ, ಅದನ್ನ ಕೇಳಿದ್ರು’ ಅಂದೆ. ಅಪ್ಪ ನಕ್ಕರು. ‘ಅದಕ್ಕ ಪುಸ್ತಕ ಯಾಕ ಬೇಕಿತ್ತು? ನನಗ ಕೇಳಿದ್ರ ನಾನೇ ಹೇಳ್ತಿದ್ದೆ.’

ನಮಗೆ ಮೂರು ಎಕರೆ ಹೊಲವಿದೆ. ತೊಗರಿ ರಾಶಿ ಮುಗಿದ ಮೇಲೆ ಮುಂಗಾರಿನವರೆಗೆ ಅಪ್ಪ ಮುಂಬೈನಲ್ಲಿ ಕಟ್ಟಡ ಕೆಲಸಕ್ಕೆ ಹೋಗುತ್ತಿದ್ದರು. ನಾನು ಓದಿದ್ದೇ ಆ ದುಡ್ಡಿನಲ್ಲಿ. ಆದರೆ ನನ್ನ ಎರಡು ಪುಟಗಳಲ್ಲಿ ಹನ್ನೊಂದು ಹೆಸರುಗಳಿಗೆ ಜಾಗವಿತ್ತು, ಅಪ್ಪನಿಗೆ ಇರಲಿಲ್ಲ.

ಹಾಗಾದರೆ ಬೇರೆಯವರ ಸಂಶೋಧನೆಯನ್ನು ಹೆಸರಿಸಲೇಬಾರದೇ? ‘ಅದು ನಿನ್ನ ಕಥೆ, ಉಳಿದವರ ಹೆಸರು ಯಾಕೆ?’ ಎನ್ನುವ ಸ್ನೇಹಿತರೂ ಇದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಸೋತ ಮೇಲೆ ಬ್ರೆಮನ್ ಅವರ ‘ಫುಟ್‌ಲೂಸ್ ಲೇಬರ್’ (1996) ಹುಡುಕಿ ಓದಿದೆ. ಡಚ್ ಸಮಾಜಶಾಸ್ತ್ರಜ್ಞರೊಬ್ಬರು ದಕ್ಷಿಣ ಗುಜರಾತಿನ ಹಳ್ಳಿಗಳಲ್ಲಿ ಓಡಾಡಿ ಬರೆದ ಪುಸ್ತಕ. ಅವರು ಹೆಚ್ಚಾಗಿ ನೋಡಿದ್ದು ಭೂಮಿ ಇಲ್ಲದ ಕೂಲಿಕಾರರನ್ನು. ಓದುತ್ತಾ ಓದುತ್ತಾ ನನಗೊಂದು ಪ್ರಶ್ನೆ ಹುಟ್ಟಿತು: ನಮ್ಮ ಕಡೆ ಹೊಲ ಇದ್ದವರೂ ಯಾಕೆ ಹೋಗುತ್ತಾರೆ? ಬ್ರೆಮನ್ ಓದದಿದ್ದರೆ ಅಪ್ಪನ ಬದುಕು ಒಂದು ಸಂಶೋಧನೆಯ ಪ್ರಶ್ನೆ ಎಂದು ನನಗೆ ಹೊಳೆಯುತ್ತಲೇ ಇರಲಿಲ್ಲ. ಅಪ್ಪ ಇರದಿದ್ದರೆ ಬ್ರೆಮನ್ ಅವರನ್ನು ಎಲ್ಲಿ ಪ್ರಶ್ನಿಸಬೇಕೆಂದು ತಿಳಿಯುತ್ತಿರಲಿಲ್ಲ.

ಹೆಸರಿಸುವುದೆಂದರೆ ಇದೇ ಎಂದು ಈಗ ಅನಿಸುತ್ತದೆ. ಅವರು ಎಲ್ಲಿಗೆ ನಿಲ್ಲಿಸಿದರು, ನಾನು ಎಲ್ಲಿಂದ ಹೊರಡುತ್ತೇನೆ ಎಂದು ತೋರಿಸುವುದು. ಇದು ನಮಗೆ ಹೊಸದೇನೂ ಅಲ್ಲ. ನಮ್ಮದೇ ಜಿಲ್ಲೆಯ ಮಳಖೇಡದಿಂದ ಆಳಿದ ರಾಷ್ಟ್ರಕೂಟರ ಕಾಲದ ‘ಕವಿರಾಜಮಾರ್ಗ’ ಸಂಸ್ಕೃತದ ದಂಡಿಯಿಂದ ಸಾಕಷ್ಟು ಪಡೆದು, ಕನ್ನಡಕ್ಕೆ ಬೇಕಾದದ್ದನ್ನು ತಾನೇ ಹೇಳಿತು. ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂದು ಹಿಂದಿನ ಗದ್ಯಕಾರರನ್ನು ನೆನೆಯಿತು. ಅವರ ಕನ್ನಡ ಕೃತಿಗಳು ಇಂದು ಸಿಕ್ಕಿಲ್ಲ. ಅವರು ಬರೆದಿದ್ದರು ಎಂಬುದು ನಮಗೆ ಗೊತ್ತಿರುವುದು ಮುಂದಿನವರು ಹೆಸರು ಹೇಳಿದ್ದರಿಂದ.

‘ದೊಡ್ಡ ಪುಸ್ತಕಗಳು ಹಳ್ಳಿ ಹುಡುಗರಿಗೆ ಎಲ್ಲಿ ಸಿಗುತ್ತವೆ?’ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ದೇಶದ ವಿಶ್ವವಿದ್ಯಾಲಯಗಳ ಸಾವಿರಾರು ಪಿಎಚ್.ಡಿ ಪ್ರಬಂಧಗಳು ‘ಶೋಧಗಂಗಾ’ದಲ್ಲಿ ಉಚಿತವಾಗಿ ಸಿಗುತ್ತವೆ. ಪ್ರಾದೇಶಿಕ ಅಸಮತೋಲನದ ಬಗ್ಗೆ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ 114 ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿ, ಅದರಲ್ಲಿ 39 ಅತ್ಯಂತ ಹಿಂದುಳಿದವು ಎಂದಿತು. ನಮ್ಮ ಆಳಂದವೂ ಆ 39ರಲ್ಲಿದೆ. ನಮ್ಮ ಊರಿನ ಬಗ್ಗೆ ಬರೆಯುವವರು ದೂರದ ಹನ್ನೊಂದು ಹೆಸರಿಗಿಂತ ಮೊದಲು ಇದನ್ನು ಓದಬೇಕು. ಕೇಂದ್ರೀಯ ವಿಶ್ವವಿದ್ಯಾಲಯವೇ ನಮ್ಮ ತಾಲ್ಲೂಕಿನ ಕಡಗಂಚಿಗೆ ಬಂದಿರುವಾಗ, ಮುಂದಿನ ವರ್ಷಗಳಲ್ಲಿ ಇಂಥ ಪುಟಗಳನ್ನು ಬರೆಯುವ ತಮ್ಮ ತಂಗಿಯರು ನಮ್ಮಲ್ಲಿ ಹೆಚ್ಚುತ್ತಲೇ ಹೋಗುತ್ತಾರೆ.

ಅವರಿಗೆ ನಾನು ಹೇಳುವುದು ಇಷ್ಟೇ. ಎರಡು ಪುಟಕ್ಕೆ ಎರಡು ಮೂರು ಹೆಸರು ಸಾಕು. ಲೇಖಕರ ಹೆಸರು, ಇಸವಿ ವಾಕ್ಯದೊಳಗೇ ಬಂದರೆ ಆಯಿತು, ಕೊನೆಗೆ ಉದ್ದದ ಪಟ್ಟಿ ಬೇಡ. ಅವರ ವಾಕ್ಯವನ್ನು ನಿಮ್ಮದೆಂಬಂತೆ ಬರೆಯಬೇಡಿ. ಆ ವಿಭಾಗದ ಪ್ರಾಧ್ಯಾಪಕರನ್ನು ಹೊಗಳಲೆಂದೇ ಅವರ ಲೇಖನ ಎಳೆದು ತರಬೇಡಿ. ಒಂದೊಂದು ಹೆಸರಿನ ಪಕ್ಕದಲ್ಲೂ ‘ಇವರಿಂದ ನಾನು ಕಲಿತದ್ದೇನು, ಇವರಲ್ಲಿ ನನಗೆ ಉತ್ತರ ಸಿಗದಿದ್ದು ಏನು’ ಎಂದು ಬರೆಯಲು ಬಾರದಿದ್ದರೆ ಆ ಹೆಸರು ತೆಗೆದುಬಿಡಿ. ಯುಜಿಸಿಯ 2022ರ ನಿಯಮದಂತೆ ಪ್ರವೇಶ ಪರೀಕ್ಷೆಗೆ ಶೇ 70, ಸಂದರ್ಶನಕ್ಕೆ ಶೇ 30ರ ತೂಕ. ಆ ಮೂವತ್ತರಲ್ಲಿ ಓದದ ಹೆಸರು ನಿಮ್ಮ ಕೈ ಹಿಡಿಯುವುದಿಲ್ಲ.

ಈ ವರ್ಷದ ನನ್ನ ಅರ್ಜಿಯಲ್ಲಿ ಬ್ರೆಮನ್ ಇದ್ದಾರೆ, ನಂಜುಂಡಪ್ಪ ವರದಿ ಇದೆ. ಮೊದಲ ಸಾಲಿನಲ್ಲಿ ಅಪ್ಪ ಇದ್ದಾರೆ. ಕಳಿಸುವ ಮುಂಚೆ ಅವರಿಗೆ ಕನ್ನಡದಲ್ಲಿ ಹೇಳಿ ತೋರಿಸಿದೆ. ಪೂರ್ತಿ ಕೇಳಿ, ‘ಮೂರು ಎಕರೆ ಅಲ್ಲ, ಎರಡು ಎಕರೆ ಮೂವತ್ತು ಗುಂಟೆ. ಸರಿ ಮಾಡು’ ಅಂದರು. ಸರಿ ಮಾಡಿದೆ.